ಜೈಲಿಗೆ ಕಳಿಸುವ ಮೆಸೇಜು: ನಂಬಿರುವುದೇನು, ಇರುವುದೇನು

ಅಮೆರಿಕದ ಜೈಲುಗಳಲ್ಲಿ ಸುಮಾರು 19 ಲಕ್ಷ ಜನರಿದ್ದಾರೆ. ಅಲ್ಲಿನ ಫೆಡರಲ್ ಜೈಲುಗಳಿಗೆ ಮತ್ತು ಬಹುತೇಕ ರಾಜ್ಯಗಳ ಜೈಲುಗಳಿಗೆ ಮನೆಯವರು ಈಗ ಕಂಪ್ಯೂಟರಿನಿಂದಲೇ ನಾಲ್ಕು ಸಾಲು ಬರೆದು ಕಳಿಸಬಹುದು. ಇದಕ್ಕೆ ‘ಇಮೇಲ್’ ಎಂದು ಹೆಸರಿಟ್ಟಲ್ಲಿಂದಲೇ ಗೊಂದಲ ಶುರುವಾಗುತ್ತದೆ. ನಮ್ಮ ಜೈಲುಗಳ ಮುಲಾಖಾತ್ ಕೊಠಡಿಯನ್ನು ನೆನೆಸಿಕೊಳ್ಳಿ: ನಡುವೆ ಜಾಲರಿ, ಪಕ್ಕದಲ್ಲಿ ಸಿಬ್ಬಂದಿ, ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಅಮೆರಿಕದ ಜೈಲಿನ ಮೆಸೇಜು ಈ ಕೊಠಡಿಗೆ ಹತ್ತಿರದ್ದೇ ಹೊರತು ನಮ್ಮ ಜಿಮೇಲಿಗಲ್ಲ.

ತಪ್ಪು ಕಲ್ಪನೆ 1: ಕೈದಿಯ ಇಮೇಲ್ ವಿಳಾಸ ಗೊತ್ತಾದರೆ ಸಾಕು, ಬರೆಯಬಹುದು.

ವಾಸ್ತವ: ಅಂಥ ವಿಳಾಸವೇ ಇರುವುದಿಲ್ಲ. ಫೆಡರಲ್ ಜೈಲುಗಳಲ್ಲಿರುವುದು ‘ಟ್ರುಲಿಂಕ್ಸ್’ ಎಂಬ ವ್ಯವಸ್ಥೆ. 2011ರ ಹೊತ್ತಿಗೆ ಅದು ಫೆಡರಲ್ ಕಾರಾಗೃಹ ಇಲಾಖೆ ನಡೆಸುವ ಎಲ್ಲ ಜೈಲುಗಳಿಗೂ ಬಂದಿತ್ತು. ಹೊರಗಿನವರು ಬಳಸುವುದು ‘ಕಾರ್‌ಲಿಂಕ್ಸ್’ ಎಂಬ ತಾಣವನ್ನು. ಇಲ್ಲಿ ಮೊದಲ ಹೆಜ್ಜೆ ಇಡಬೇಕಾದವರು ಒಳಗಿರುವವರು. ಅವರು ನಿಮ್ಮ ಇಮೇಲ್ ವಿಳಾಸವನ್ನು ತಮ್ಮ ಸಂಪರ್ಕ ಪಟ್ಟಿಗೆ ಸೇರಿಸಿದ ಮೇಲೆ ನಿಮಗೆ ಗುರುತು ಸಂಕೇತವಿರುವ ಒಂದು ಮೇಲ್ ಬರುತ್ತದೆ. ಅದನ್ನು ನೀವು ಒಪ್ಪಿಕೊಂಡರೆ ಮಾತ್ರ ಮಾತುಕತೆ ಶುರು. ತಮಾಷೆಯೆಂದರೆ, ನಿಮ್ಮ ಇಮೇಲ್ ವಿಳಾಸವನ್ನು ಅವರಿಗೆ ತಿಳಿಸಲು ಮೊದಲು ಕಾಗದವನ್ನೇ ಬರೆಯಬೇಕಾಗಬಹುದು, ಇಲ್ಲವೇ ಅವರ ಫೋನಿಗೆ ಕಾಯಬೇಕು. ಆ ಮೊದಲ ಮೇಲ್ ಸ್ಪ್ಯಾಮ್‌ಗೆ ಹೋಗಿ ಬೀಳುವುದೂ ಉಂಟು. ಮಗ ಮರೆತೇಬಿಟ್ಟ ಎಂದು ಕೊರಗುವ ಮುಂಚೆ ಅಲ್ಲೊಮ್ಮೆ ಹುಡುಕಿ.

ತಪ್ಪು ಕಲ್ಪನೆ 2: ಕೈದಿಗಳಿಗೆ ಇಂಟರ್ನೆಟ್ ಕೊಟ್ಟು ಕೂರಿಸಿದ್ದಾರೆ.

ವಾಸ್ತವ: ಫೆಡರಲ್ ಜೈಲಿನಲ್ಲಿ ಕೈದಿಗಳು ಸಂದೇಶ ಓದುವ, ಬರೆಯುವ ಕಂಪ್ಯೂಟರಿಗೂ ಇಂಟರ್ನೆಟ್ಟಿಗೂ ಸಂಬಂಧವಿಲ್ಲ. ಬರಿಯ ಅಕ್ಷರಗಳಷ್ಟೇ ಹೋಗುತ್ತವೆ, ಬರುತ್ತವೆ. ಒಂದು ಸಂದೇಶಕ್ಕೆ 13,000 ಅಕ್ಷರಗಳ ಮಿತಿ ಇದೆ. ಫೋಟೊ, ಕಡತ ಯಾವುದನ್ನೂ ಲಗತ್ತಿಸುವಂತಿಲ್ಲ. ಹಲವು ರಾಜ್ಯಗಳ ಜೈಲುಗಳಲ್ಲಿ ಖಾಸಗಿ ಕಂಪನಿಗಳ ಟ್ಯಾಬ್ಲೆಟ್ ಕೊಡುತ್ತಾರೆ. ಅದರಲ್ಲೂ ಕಂಪನಿ ಇಟ್ಟಷ್ಟೇ ಸಿಗುವುದು.

ತಪ್ಪು ಕಲ್ಪನೆ 3: ಇಷ್ಟು ಸಂದೇಶಗಳನ್ನು ಯಾರು ಕೂತು ಓದುತ್ತಾರೆ?

ವಾಸ್ತವ: ಓದುತ್ತಾರೆ ಎಂದುಕೊಂಡೇ ಬರೆಯಬೇಕು. ತಮ್ಮ ಸಂದೇಶಗಳ ಮೇಲೆ ನಿಗಾ ಇರುತ್ತದೆ ಎಂಬುದಕ್ಕೆ ಒಳಗಿನವರು, ಹೊರಗಿನವರು ಇಬ್ಬರೂ ಮೊದಲೇ ಒಪ್ಪಿಗೆ ಕೊಟ್ಟಿರುತ್ತಾರೆ. ಹೆಚ್ಚಿನವರು ಎಡವುವುದು ವಕೀಲರ ವಿಷಯದಲ್ಲಿ. ವಕೀಲರಿಗೆ ಬರೆದದ್ದು ಗುಟ್ಟಾಗಿಯೇ ಉಳಿಯುತ್ತದೆಂಬ ನಂಬಿಕೆ ಟ್ರುಲಿಂಕ್ಸ್‌ನಲ್ಲಿ ನಡೆಯುವುದಿಲ್ಲ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಸರ್ಕಾರಿ ವಕೀಲರು ಆರೋಪಿಗಳು ತಮ್ಮ ವಕೀಲರಿಗೆ ಬರೆದ ಇಂಥ ಸಂದೇಶಗಳನ್ನೇ ಓದುತ್ತಿದ್ದುದು 2014ರಲ್ಲಿ ಕೋರ್ಟಿನಲ್ಲಿ ದೊಡ್ಡ ಜಗಳವಾಯಿತು. ಕೇಸಿನ ಬಗ್ಗೆ ಒಂದು ಅಕ್ಷರವನ್ನೂ ಇಲ್ಲಿ ಬರೆಯಬಾರದು. ಸಾಕ್ಷಿ ಯಾರು, ಅಂದು ಯಾರು ಎಲ್ಲಿದ್ದರು ಎಂದು ನೀವು ಸಮಾಧಾನಕ್ಕೆ ಬರೆದ ಮಾತೇ ನಾಳೆ ಎದುರು ಪಕ್ಷದ ಕೈಯಲ್ಲಿರಬಹುದು.

ತಪ್ಪು ಕಲ್ಪನೆ 4: ಮೆಸೇಜಿಗೇನು ದುಡ್ಡು? ಬಿಟ್ಟಿಯೇ ಇರಬೇಕು.

ವಾಸ್ತವ: ಫೆಡರಲ್ ಜೈಲುಗಳ ಸಂದೇಶಕ್ಕೆ ಹೊರಗಿನವರು ದುಡ್ಡು ಕೊಡಬೇಕಿಲ್ಲ. ಕೊಡುವವನು ಕೈದಿ: ಕಂಪ್ಯೂಟರಿನ ಮುಂದೆ ಕೂತು ಓದಲಿ, ಬರೆಯಲಿ, ನಿಮಿಷಕ್ಕೆ 5 ಸೆಂಟ್. ಜೈಲಿನ ಸಾಮಾನ್ಯ ಕೆಲಸಕ್ಕೆ ಅವನಿಗೆ ಸಿಗುವ ಕೂಲಿ ಗಂಟೆಗೆ 12ರಿಂದ 40 ಸೆಂಟ್. ಕನಿಷ್ಠ ಕೂಲಿಯವನು ಒಂದು ಗಂಟೆ ನೆಲ ಒರೆಸಿದರೆ ಎರಡೂವರೆ ನಿಮಿಷವೂ ಸಿಗುವುದಿಲ್ಲ. ಅವನ ಉತ್ತರ ನಾಲ್ಕೇ ಸಾಲಿನದಾಗಿದ್ದರೆ ಅದು ಪ್ರೀತಿಯ ಬಡತನವಲ್ಲ, ಜೇಬಿನದು.

ರಾಜ್ಯಗಳ ಕಥೆ ಬೇರೆ. ಅಲ್ಲಿ ಕಂಪನಿಗಳು ಸಂದೇಶಕ್ಕೆ ‘ಸ್ಟ್ಯಾಂಪ್’ ಮಾರುತ್ತವೆ. ಅಂಚೆಯಣ್ಣನಿಲ್ಲದ ಅಂಚೆಗೂ ಅಂಚೆಚೀಟಿ! ಪ್ರಿಸನ್ ಪಾಲಿಸಿ ಇನಿಷಿಯೇಟಿವ್ ಎಂಬ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿದಾಗ ಕನೆಕ್ಟಿಕಟ್‌ನಲ್ಲಿ ಸಂದೇಶ ಉಚಿತವಾಗಿತ್ತು, ಅಲಾಸ್ಕ ಮತ್ತು ಆರ್ಕನ್ಸಾದಲ್ಲಿ ಒಂದಕ್ಕೆ 50 ಸೆಂಟ್ ಇತ್ತು. ಫೋಟೊ ಸೇರಿಸಿದರೆ ಇನ್ನೊಂದು ಸ್ಟ್ಯಾಂಪ್ ಕೇಳುವ ಕಡೆಗಳೂ ಇವೆ.

ತಪ್ಪು ಕಲ್ಪನೆ 5: ಜೈಲಿನ ಫೋನ್ ದರಕ್ಕೆ ಸರ್ಕಾರ ಮಿತಿ ಹಾಕಿದೆಯಲ್ಲ, ಮೆಸೇಜಿಗೂ ಅದೇ.

ವಾಸ್ತವ: 2023ರ ಜನವರಿಯಲ್ಲಿ ಮಾರ್ಥಾ ರೈಟ್-ರೀಡ್ ಹೆಸರಿನ ಕಾಯ್ದೆ ಜಾರಿಗೆ ಬಂತು. ಜೈಲಿನಲ್ಲಿದ್ದ ಮೊಮ್ಮಗನ ಜೊತೆ ಫೋನಿನಲ್ಲಿ ಮಾತಾಡಲು ತೆರಬೇಕಾದ ದರದ ವಿರುದ್ಧ ವರ್ಷಗಟ್ಟಲೆ ಹೋರಾಡಿದ ಅಜ್ಜಿ ಆಕೆ. ಆ ಕಾಯ್ದೆಯಡಿ 2024ರಲ್ಲಿ ದೂರಸಂಪರ್ಕ ಆಯೋಗ ಗೊತ್ತುಮಾಡಿದ ಮಿತಿ ಫೋನ್ ಮತ್ತು ವಿಡಿಯೊ ಕರೆಗಳಿಗೆ. ಬರೆದು ಕಳಿಸುವ ಸಂದೇಶ ಅದರಿಂದ ಹೊರಗೇ ಉಳಿಯಿತು.

ತಪ್ಪು ಕಲ್ಪನೆ 6: ಕಳಿಸಿದ ಗಳಿಗೆಯಲ್ಲೇ ತಲುಪಿರುತ್ತದೆ, ಉತ್ತರ ಬರಲಿಲ್ಲವೆಂದರೆ ಮುನಿಸೇ ಸರಿ.

ವಾಸ್ತವ: ತಪಾಸಣೆಗೆ ಹೊತ್ತು ಹಿಡಿಯುತ್ತದೆ. ಕಂಪ್ಯೂಟರುಗಳು ಕೆಲವೇ ಇದ್ದು ಸರದಿ ಉದ್ದ ಇರಬಹುದು. ಜೈಲಿನಲ್ಲಿ ಗಲಾಟೆಯಾಗಿ ಎಲ್ಲರನ್ನೂ ಕೋಣೆಯೊಳಗೆ ಕೂಡಿಹಾಕಿದ್ದರೆ ದಿನಗಟ್ಟಲೆ ಯಾರೂ ಹತ್ತಿರ ಸುಳಿಯುವಂತಿಲ್ಲ. ಸಾವು, ಕಾಯಿಲೆಯಂಥ ತುರ್ತಿಗೆ ಇದನ್ನು ನೆಚ್ಚಬೇಡಿ; ನೇರವಾಗಿ ಜೈಲಿಗೆ ಫೋನ್ ಮಾಡಿ.

ತಪ್ಪು ಕಲ್ಪನೆ 7: ಇದು ಕೈದಿಯ ಹಕ್ಕು, ಬಂದದ್ದನ್ನು ನಾವು ಹೇಗೆ ಬೇಕಾದರೂ ಬಳಸಬಹುದು.

ವಾಸ್ತವ: ಇದು ಹಕ್ಕಲ್ಲ, ಕೊಟ್ಟು ಕಿತ್ತುಕೊಳ್ಳಬಹುದಾದ ಸೌಲಭ್ಯ. ನಾವು ಹೊರಗೆ ಮಾಡಿದ ತಪ್ಪಿಗೆ ದಂಡ ತೆರುವವರು ಒಳಗಿರುವವರು. ಇಂಡಿಯಾನಾ ರಾಜ್ಯದಲ್ಲಿ ಕೈದಿಯೊಬ್ಬ ಕಳಿಸಿದ ವಿಡಿಯೊವನ್ನು ಸಹೋದರಿ ಫೇಸ್‌ಬುಕ್‌ಗೆ ಹಾಕಿದ್ದಕ್ಕೆ ಆತ ಏಕಾಂತ ಸೆರೆ ಅನುಭವಿಸಬೇಕಾಯಿತು.

ತಪ್ಪು ಕಲ್ಪನೆ 8: ಮೆಸೇಜು ಬಂದ ಮೇಲೆ ಕಾಗದದ ಕಾಲ ಮುಗಿಯಿತು.

ವಾಸ್ತವ: ಫೆಡರಲ್ ಜೈಲಿನ ಸಂದೇಶದಲ್ಲಿ ಮಗುವಿನ ಚಿತ್ರ ಹೋಗುವುದಿಲ್ಲ, ಅದಕ್ಕೆ ಅಂಚೆಯೇ ಬೇಕು. ಆದರೆ ಅಂಚೆಯೂ ಬದಲಾಗಿದೆ. ಪೆನ್ಸಿಲ್ವೇನಿಯಾ ರಾಜ್ಯ 2018ರಲ್ಲಿ ಕೈದಿಗಳ ಸಾಮಾನ್ಯ ಪತ್ರಗಳನ್ನು ಫ್ಲಾರಿಡಾದ ಒಂದು ಕಂಪನಿಗೆ ತರಿಸಿ ಸ್ಕ್ಯಾನ್ ಮಾಡಿಸತೊಡಗಿತು. ಕೈದಿಗೆ ಸಿಗುವುದು ಪ್ರತಿ ಮಾತ್ರ. ಮಾದಕವಸ್ತು ಸವರಿದ ಕಾಗದ ಒಳಗೆ ಬರುತ್ತಿದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಅಮ್ಮ ಮುಟ್ಟಿದ ಕಾಗದವನ್ನು ಮಗ ಮುಟ್ಟುವಂತಿಲ್ಲ. ಮೂಲ ಪ್ರತಿ ಬೇಕೇಬೇಕು ಎನ್ನುವ ಚಿತ್ರವನ್ನು ಕಳಿಸುವ ಮುಂಚೆ ಆ ಜೈಲಿನ ನಿಯಮ ಕೇಳಿ ತಿಳಿಯಿರಿ.

ತಪ್ಪು ಕಲ್ಪನೆ 9: ನಮ್ಮಲ್ಲಿರುವ ಇ-ಮುಲಾಖಾತ್ ಕೂಡ ಇದೇ.

ವಾಸ್ತವ: ಅಲ್ಲ. ಇ-ಮುಲಾಖಾತ್ ಇರುವುದು ಜೈಲಿನ ಭೇಟಿಗೆ ಮುಂಚೆಯೇ ಹೆಸರು ನೋಂದಾಯಿಸಲು, ವಿಡಿಯೊ ಮೂಲಕ ಮುಖ ನೋಡಿ ಮಾತಾಡಲು. ಬರೆದು ಕಳಿಸುವ ಏರ್ಪಾಡು ಅದಲ್ಲ.

ಇಷ್ಟೆಲ್ಲ ಓದಿ ‘ಬರೆಯುವುದೇ ಬೇಡ’ ಎಂದುಕೊಳ್ಳಬೇಡಿ. ಜಾಲರಿಯ ಆಚೆಯವರ ಜೊತೆ ಮಾತಾಡುವಾಗಲೂ ಪಕ್ಕದಲ್ಲಿ ಪೊಲೀಸರಿದ್ದಾರೆಂದು ಯಾರೂ ಬಾಯಿಗೆ ಬೀಗ ಹಾಕಿಕೊಳ್ಳುವುದಿಲ್ಲ. ಏನು ಆಡಬೇಕು, ಏನು ಬಿಡಬೇಕು ಎಂದು ತಿಳಿದು ಆಡುತ್ತಾರೆ. ಕೇಸಿನ ಮಾತನ್ನು ವಕೀಲರ ಖುದ್ದು ಭೇಟಿಗೆ ಬಿಡಿ. ಹಿತ್ತಲಲ್ಲಿ ಮಲ್ಲಿಗೆ ಬಿಟ್ಟದ್ದು, ಪಾಪುವಿಗೆ ಹಲ್ಲು ಬಂದದ್ದು, ನಿನ್ನೆ ಸಾರಿಗೆ ಉಪ್ಪು ಜಾಸ್ತಿಯಾದದ್ದು: ಇವನ್ನು ಬರೆಯಿರಿ. ನಡುವೆ ಯಾರು ಓದಿದರೂ ನಷ್ಟವಿಲ್ಲದ ಸುದ್ದಿಗಳಿವು. ಒಳಗಿರುವವರಿಗೆ ನಿಮ್ಮನ್ನು ಬಿಟ್ಟು ಇನ್ನಾರೂ ಹೇಳಲಾರದವು.