ಐವತ್ತರ ನಂತರವೂ ಗಾಲಿ ಕಟ್ಟಿ ಓಡಬಹುದೇ?

ಸುಳ್ಳ (ಹುಬ್ಬಳ್ಳಿ ತಾಲ್ಲೂಕು): ಸ್ಕೇಟಿಂಗ್ ಎಂದೊಡನೆ ನೆನಪಾಗುವುದು ತಲೆಗೆ ಹೆಲ್ಮೆಟ್ ಧರಿಸಿ ಸಾಲಾಗಿ ಸುತ್ತು ಹಾಕುವ ಶಾಲಾ ಮಕ್ಕಳು. ನಸುಕಿನಲ್ಲಿ ಅವರನ್ನು ಕರೆತಂದು, ಅಭ್ಯಾಸ ಮುಗಿಯುವವರೆಗೆ ಬದಿಯಲ್ಲಿ ಕಾದು ಕುಳಿತುಕೊಳ್ಳುವ ಹಿರಿಯರು ತಾವೂ ಸ್ಪರ್ಧೆಗೆ ಇಳಿಯಬಹುದೆಂದು ಯೋಚಿಸುವುದು ವಿರಳ. ಆದರೆ ಜಗತ್ತಿನ ಹಲವೆಡೆ ನಲವತ್ತು, ಐವತ್ತು, ಅರವತ್ತು ದಾಟಿದ ಹವ್ಯಾಸಿಗಳು ವೇಗದ ಸ್ಕೇಟಿಂಗ್‌ನಲ್ಲಿ ಪೈಪೋಟಿ ನಡೆಸುತ್ತಿದ್ದಾರೆ. ಇದು ಹೇಗೆ ಸಾಧ್ಯ, ಇದರಲ್ಲಿ ಅಪಾಯವೆಷ್ಟು, ಹಳ್ಳಿಗಾಡಿನ ಹಿರಿಯರಿಗೆ ಇದು ಎಟುಕೀತೇ ಎಂಬುದನ್ನು ಅರಿಯುವುದು ಅಗತ್ಯ.

ಸಮವಯಸ್ಕರ ನಡುವೆ ಸ್ಪರ್ಧೆ

ಹಿರಿಯರ ಕ್ರೀಡೆಯೆಂದರೆ ಇಪ್ಪತ್ತರ ಯುವಕನೊಂದಿಗೆ ಸೆಣಸುವುದಲ್ಲ. ಅಥ್ಲೆಟಿಕ್ಸ್‌ನಲ್ಲಿ 35 ವರ್ಷದಿಂದ ಮೇಲ್ಪಟ್ಟವರನ್ನು ಐದೈದು ವರ್ಷಗಳ ಗುಂಪುಗಳಾಗಿ ವಿಂಗಡಿಸಿ, ಆಯಾ ಗುಂಪಿನೊಳಗೇ ಪದಕ ನೀಡಲಾಗುತ್ತದೆ. ಈ ಬಗೆಯ ಮೊದಲ ವಿಶ್ವಕೂಟ ನಡೆದದ್ದು 1975ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಪಂಜಾಬಿನ ಮನ್ ಕೌರ್ ಅವರು ಓಟವನ್ನು ಆರಂಭಿಸಿದ್ದೇ 93ನೇ ವಯಸ್ಸಿನಲ್ಲಿ. 2017ರಲ್ಲಿ ಆಕ್ಲೆಂಡ್‌ನಲ್ಲಿ ನಡೆದ ಹಿರಿಯರ ವಿಶ್ವ ಕ್ರೀಡಾಕೂಟದಲ್ಲಿ 101ರ ಹರೆಯದ ಅವರು 100 ಮೀಟರ್ ಓಟದ ಚಿನ್ನ ಗೆದ್ದರು.

ಸ್ಕೇಟಿಂಗ್‌ನಲ್ಲಿಯೂ ಇದೇ ಪದ್ಧತಿ ಇದೆ. ಮಂಜುಗಡ್ಡೆಯ ಮೇಲಿನ ವೇಗದ ಸ್ಕೇಟಿಂಗ್‌ನಲ್ಲಿ ಹಿರಿಯರಿಗೆಂದೇ ಅಂತಾರಾಷ್ಟ್ರೀಯ ಸ್ಪರ್ಧೆಗಳು ನಡೆಯುತ್ತವೆ. ಗಾಲಿ ಸ್ಕೇಟಿಂಗ್‌ನಲ್ಲಿ ಬರ್ಲಿನ್ ಮ್ಯಾರಥಾನ್‌ನ ಹಿಂದಿನ ದಿನ ಅದೇ 42.195 ಕಿ.ಮೀ. ಹಾದಿಯಲ್ಲಿ ಸಾವಿರಾರು ಮಂದಿ ಪಾಲ್ಗೊಳ್ಳುತ್ತಾರೆ. ಅಲ್ಲಿ ಪ್ರತಿ ವಯೋಗುಂಪಿಗೂ ಪ್ರತ್ಯೇಕ ಫಲಿತಾಂಶ ಪ್ರಕಟವಾಗುತ್ತದೆ.

ದೇಹದಲ್ಲಿ ಆಗುವ ಬದಲಾವಣೆ

ವಯಸ್ಸು ಏರಿದಂತೆ ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ. ಸಂಶೋಧಕರು ಬಳಸುವ ಒಂದು ಸೂತ್ರದ ಪ್ರಕಾರ, ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆದರೆ ಈ ಗರಿಷ್ಠ ಮಿತಿಯ ಅಂದಾಜು ದೊರೆಯುತ್ತದೆ. ಇಪ್ಪತ್ತರವರಿಗೆ ಅದು ನಿಮಿಷಕ್ಕೆ 194 ಇದ್ದರೆ, ಐವತ್ತರವರಿಗೆ 173. ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯ ಮೂವತ್ತರ ನಂತರ ಪ್ರತಿ ದಶಕಕ್ಕೆ ಸುಮಾರು ಶೇ 10ರಷ್ಟು ಕುಸಿಯುತ್ತದೆ. ಆದರೆ ಕಠಿಣ ಅಭ್ಯಾಸವನ್ನು ಬಿಡದೆ ಮುಂದುವರಿಸಿದವರಲ್ಲಿ ಈ ಕುಸಿತ ಗಣನೀಯವಾಗಿ ನಿಧಾನಗೊಳ್ಳುತ್ತದೆ.

ಸ್ನಾಯುಗಳಲ್ಲಿ ಮೊದಲು ಕ್ಷೀಣಿಸುವುದು ಕ್ಷಣಾರ್ಧದಲ್ಲಿ ಬಲ ನೀಡುವ ವೇಗದ ತಂತುಗಳು. ಆದ್ದರಿಂದ 500 ಮೀಟರಿನಂತಹ ಕಿರುದೂರಕ್ಕಿಂತ ದೀರ್ಘದೂರವೇ ಹಿರಿಯರಿಗೆ ಹೆಚ್ಚು ಒಗ್ಗುತ್ತದೆ. ಓಟದಲ್ಲಿ ಪ್ರತಿ ಹೆಜ್ಜೆಗೂ ಮೊಣಕಾಲಿಗೆ ಬೀಳುವ ಹೊಡೆತ ಸ್ಕೇಟಿಂಗ್‌ನಲ್ಲಿ ಇಲ್ಲದಿರುವುದು ಇನ್ನೊಂದು ಅನುಕೂಲ. ಆದರೆ ಮೊಣಕಾಲು ಮಡಿಸಿ, ಬೆನ್ನು ಬಾಗಿಸಿ, ಕುಳಿತಂತೆಯೇ ಸಾಗಬೇಕಾದ ಭಂಗಿ ಸುಲಭದ್ದಲ್ಲ. ಆ ಭಂಗಿಯಲ್ಲಿ ತೊಡೆಯ ಸ್ನಾಯುಗಳು ಬಿಗಿದುಕೊಂಡೇ ಇರುವುದರಿಂದ ಅವುಗಳಿಗೆ ರಕ್ತದ ಹರಿವು ಕಡಿಮೆಯಾಗಿ ಬೇಗನೆ ಉರಿ ಹತ್ತುತ್ತದೆ. ಬೈಠಕ್ ಹೊಡೆದು ಬಲ್ಲ ಗರಡಿಮನೆಯ ಹಳೆಯ ಪೈಲ್ವಾನರಿಗೆ ಈ ಉರಿ ಅಪರಿಚಿತವೇನಲ್ಲ.

ಗಾಳಿಯೇ ಎದುರಾಳಿ

ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಗಂಟೆಗೆ 20 ಕಿ.ಮೀ. ವೇಗದಿಂದ 30 ಕಿ.ಮೀ.ಗೆ ಏರಿದರೆ ತಡೆ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ಮೂರು ಪಟ್ಟಿಗೂ ಮಿಗಿಲು. ಆದ್ದರಿಂದಲೇ ಮುಂದಿನವರ ಬೆನ್ನ ಮರೆಯಲ್ಲಿ ಸಾಗುವುದು ಈ ಕ್ರೀಡೆಯ ಮೂಲಪಾಠ. ಯಾವಾಗ ಮರೆಯಲ್ಲಿರಬೇಕು, ಯಾವಾಗ ಹೊರಬರಬೇಕು ಎಂಬುದು ಬಲಕ್ಕಿಂತ ಅನುಭವದ ಮಾತು.

ಜರ್ಮನಿಯ ಕ್ಲಾಡಿಯಾ ಪೆಕ್‌ಸ್ಟೈನ್ ಇದಕ್ಕೆ ಉತ್ತಮ ನಿದರ್ಶನ. ಅವರು ಹವ್ಯಾಸಿಯಲ್ಲ, ಐದು ಒಲಿಂಪಿಕ್ ಚಿನ್ನ ಗೆದ್ದ ವೃತ್ತಿಪರ ಸ್ಪರ್ಧಿ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ಒಂಟಿಯಾಗಿ ಗಡಿಯಾರದೊಂದಿಗೆ ಸೆಣಸಬೇಕಾದ 3000 ಮೀಟರ್‌ನಲ್ಲಿ ಅವರು ಕೊನೆಯ ಸ್ಥಾನ ಪಡೆದರು. ಆದರೆ ಎಲ್ಲರೂ ಗುಂಪಾಗಿ ಹೊರಡುವ ಸ್ಪರ್ಧೆಯಲ್ಲಿ ಫೈನಲ್ ತಲುಪಿ ಒಂಬತ್ತನೆಯವರಾದರು. ಆಗ ಅವರ 50ನೇ ಹುಟ್ಟುಹಬ್ಬಕ್ಕೆ ಇನ್ನು ಮೂರೇ ದಿನ ಉಳಿದಿತ್ತು.

ಬೀಳುವ ಭಯ

ಹಿರಿಯರಿಗೆ ನಿಜವಾದ ಅಪಾಯವಿರುವುದು ಬೀಳುವುದರಲ್ಲಿ. ಬೀಳುವಾಗ ಕೈ ಊರುವುದು ಸಹಜ. ಹೀಗಾಗಿ ಗಾಲಿ ಸ್ಕೇಟಿಂಗ್‌ನಲ್ಲಿ ಮಣಿಕಟ್ಟು ಮುರಿಯುವುದೇ ಹೆಚ್ಚು. ಋತುಬಂಧದ ನಂತರ ಮಹಿಳೆಯರ ಮೂಳೆ ಸವೆಯುವುದರಿಂದ ಅವರು ಇನ್ನಷ್ಟು ಎಚ್ಚರ ವಹಿಸಬೇಕು. ವೇಗದ ಸ್ಪರ್ಧೆಯ ಸ್ಕೇಟ್‌ಗಳಲ್ಲಿ ಹಿಮ್ಮಡಿಯ ಬ್ರೇಕ್ ಇರುವುದಿಲ್ಲ, ಬೂಟು ಕಣಕಾಲಿಗೆ ಆಸರೆ ನೀಡುವಷ್ಟು ಎತ್ತರವಿರುವುದಿಲ್ಲ. ಆದ್ದರಿಂದ ಹೊಸಬರು ಎತ್ತರದ ಬೂಟು, ಬ್ರೇಕ್ ಇರುವ ಸಾಮಾನ್ಯ ಸ್ಕೇಟ್‌ಗಳಿಂದ ಆರಂಭಿಸಿ, ಮೊದಲು ನಿಲ್ಲುವುದನ್ನೂ ಬೀಳುವುದನ್ನೂ ಕಲಿತು, ಆನಂತರವೇ ವೇಗದ ಕಡೆಗೆ ಹೊರಳುವುದು ಒಳಿತು. ಹೆಲ್ಮೆಟ್, ಮಣಿಕಟ್ಟು, ಮೊಣಕೈ ಹಾಗೂ ಮೊಣಕಾಲಿನ ಗಾರ್ಡ್‌ಗಳಿಲ್ಲದೆ ಇಳಿಯಲೇಬಾರದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಬಹುಕಾಲ ವ್ಯಾಯಾಮ ಬಿಟ್ಟವರು ಮೊದಲು ವೈದ್ಯರಲ್ಲಿ ಹೃದಯ ತಪಾಸಣೆ ಮಾಡಿಸಿಕೊಳ್ಳಬೇಕು. ಅಭ್ಯಾಸದ ನಡುವೆ ಎದೆ ಬಿಗಿತ, ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಬೇಕು. ಕಠಿಣ ಅಭ್ಯಾಸದ ಮರುದಿನ ವಿಶ್ರಾಂತಿ ಪಡೆಯುವುದು ಸೋಮಾರಿತನವಲ್ಲ. ಈ ವಯಸ್ಸಿನಲ್ಲಿ ದೇಹ ಚೇತರಿಸಿಕೊಳ್ಳಲು ಹೆಚ್ಚು ಕಾಲ ಬೇಕು.

ಹಳ್ಳಿಯಲ್ಲಿ ಸಾಧ್ಯವೇ?

ಸುಳ್ಳದಂತಹ ಎರೆ ನೆಲದ ಊರಿನಲ್ಲಿ ಮೊದಲ ತೊಡಕು ನೆಲವೇ. ಗಾಲಿಗೆ ನುಣುಪಾದ ಗಟ್ಟಿ ನೆಲ ಬೇಕು. ಮಳೆಗಾಲದಲ್ಲಿ ಟ್ರ್ಯಾಕ್ಟರ್‌ಗಳ ಗಾಲಿಗೆ ಮೆತ್ತಿಕೊಂಡು ಬರುವ ಎರೆ ಮಣ್ಣು ಡಾಂಬರಿನ ಮೇಲೆ ಜಾರುಬಂಡಿಯಾಗುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ರಾಶಿ ಮಾಡಿದಾಗ ಉಳಿಯುವ ಕಾಳು, ಹೊಟ್ಟು ಗಾಲಿಗೆ ಸಿಕ್ಕರೆ ಬೀಳುವುದು ಖಚಿತ. ವಾಹನ ಓಡಾಡುವ ರಸ್ತೆಯಂತೂ ಅಭ್ಯಾಸಕ್ಕೆ ತಕ್ಕುದಲ್ಲ. ಅಥ್ಲೆಟಿಕ್ಸ್‌ನ ಸಿಂಥೆಟಿಕ್ ಟ್ರ್ಯಾಕ್ ಕೂಡ ಗಾಲಿಗೆ ಒಗ್ಗದು. ಶಾಲೆಯ ಕಾಂಕ್ರೀಟ್ ಅಂಗಳ, ಸಮುದಾಯ ಭವನದ ಗಟ್ಟಿ ನೆಲ ಆರಂಭಿಕ ಹಂತಕ್ಕೆ ಸಾಕಾಗಬಹುದು. ಮುಂದಿನ ಹಂತಕ್ಕೆ ಹುಬ್ಬಳ್ಳಿ-ಧಾರವಾಡದತ್ತ ಮುಖ ಮಾಡುವುದು ಅನಿವಾರ್ಯ.

ಭಾರತದಲ್ಲಿ ಈ ಕ್ರೀಡೆ ಈಗ ಬೆಳೆಯುತ್ತಿದೆ. ಹಾಂಗ್‌ಝೌನಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ 3000 ಮೀಟರ್ ರಿಲೇಯಲ್ಲಿ ದೇಶದ ಪುರುಷರ ಹಾಗೂ ಮಹಿಳೆಯರ ತಂಡಗಳೆರಡೂ ಕಂಚು ಗೆದ್ದವು. 2025ರಲ್ಲಿ ಚೀನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ 1000 ಮೀಟರ್ ಚಿನ್ನ ತಂದರು. ಈ ಉತ್ಸಾಹ ಮಕ್ಕಳಿಗಷ್ಟೇ ಮೀಸಲಾಗಬೇಕಿಲ್ಲ. ಸ್ಥಳೀಯ ಸ್ಪರ್ಧೆಗಳನ್ನು ಏರ್ಪಡಿಸುವವರು ದಿನದ ಕೊನೆಯಲ್ಲಿ ನಲವತ್ತು ದಾಟಿದವರಿಗಾಗಿ ಒಂದು ಸುತ್ತು ಇರಿಸಿದರೆ ಖರ್ಚು ಹೆಚ್ಚೇನೂ ಆಗದು. ಬದಿಯಲ್ಲಿ ಕಾದು ಕುಳಿತ ತಂದೆ-ತಾಯಿಗಳಿಗೂ ಅಂಕಣಕ್ಕೆ ಇಳಿಯಲು ಒಂದು ಕಾರಣ ದೊರೆತಂತಾಗುತ್ತದೆ.