ನಿಮಗಿದು ಗೊತ್ತೆ? ಬೋರ್‌ವೆಲ್ ನೀರೂ ‘ಬಿಸಿನೀರ ಬುಗ್ಗೆ’!

ನೆಲದಿಂದ ಬರುವ ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದರೂ ಸಾಕು, ಜಪಾನಿನಲ್ಲಿ ಅದು ‘ಒನ್ಸೆನ್’, ಅಂದರೆ ಬಿಸಿನೀರ ಬುಗ್ಗೆ. ಅಲ್ಲಿನ 1948ರ ಕಾನೂನೇ ಹಾಗೆನ್ನುತ್ತದೆ. ಅದಕ್ಕಿಂತ ತಣ್ಣಗಿದ್ದರೂ ಸರಿ, ಗೊತ್ತುಪಡಿಸಿದ ಖನಿಜ ಇರಬೇಕಷ್ಟೆ.

ಈ ಲೆಕ್ಕ ಹಿಡಿದರೆ ನಮ್ಮ ಜಗಳೂರು, ಹೊನ್ನಾಳಿ ಕಡೆಯ ಆಳದ ಬೋರ್‌ವೆಲ್‌ಗಳೂ ಪಾಸಾಗಬಹುದು! ಆಳಕ್ಕಿಳಿದಷ್ಟೂ ಭೂಮಿ ಬಿಸಿ. ಚಳಿಗಾಲದ ಬೆಳಗ್ಗೆ ಮೋಟರ್ ಹಾಕಿದರೆ ಪೈಪಿನ ಬಾಯಲ್ಲಿ ಹಬೆಯಾಡುವುದನ್ನು ತೋಟದವರು ಬಲ್ಲರು.

ನಿಜವಾಗಿ ಮೈಗೆ ಹಿತವೆನಿಸುವ ನೀರು ಬೇಕೆ? ಪುತ್ತೂರು ತಾಲ್ಲೂಕಿನ ಇರ್ದೆಗೆ ಹೋಗಬೇಕು. ಅಲ್ಲಿನ ಬೆಂದ್ರುತೀರ್ಥದ ಕೊಳದಲ್ಲಿ ಗಂಧಕದ ವಾಸನೆಯ ಬೆಚ್ಚನೆ ನೀರು. ಪಕ್ಕದಲ್ಲೇ ಹೊಳೆ, ಸುತ್ತ ನಮ್ಮಲ್ಲಿಯಂತೆಯೇ ಅಡಿಕೆ ತೋಟ. ಮಿಂದರೆ ಚರ್ಮರೋಗ ವಾಸಿಯಾಗುತ್ತದೆಂಬುದು ಜನರ ನಂಬಿಕೆ.