ಕಾಲ ತಪ್ಪಿ ಹುಟ್ಟಿದವರು

ಮೂವತ್ತನಾಲ್ಕು ವರ್ಷಗಳ ಕಾಲ “ಗದ್ದಲ ಮಾಡಬೇಡಿರಿ” ಎಂದು ಮೇಜು ಕುಟ್ಟಿ ಕುಟ್ಟಿ ಅಂಗೈ ಗಟ್ಟಿಯಾದ ಸಂಸ್ಕೃತದ ಉಪಾಧ್ಯಾಯನು ನಾನು. ಅಂಥವನು ಗದ್ದಲವನ್ನೇ ಕೇಳುವ ಸಲುವಾಗಿ ಚೀಟಿ ಪಡೆದು, ಅಮೆರಿಕಾ ದೇಶದ ಒಂದು ಕತ್ತಲುಗೋಣೆಯಲ್ಲಿ ಸರಿರಾತ್ರಿಯವರೆಗೆ ನಿಂತಿದ್ದೆನೆಂದರೆ ವಾಚಕರು ನಕ್ಕಾರು. ನಗಲಿ, ನಮ್ಮ ಮನೆಯವರೂ ನಕ್ಕರು. ಆದರೂ ಆ ರಾತ್ರಿ ನಾನು ಕಲಿತ ಪಾಠವೊಂದುಂಟು. ಬೆಳೆದ ಮಕ್ಕಳಿರುವ ಗೃಹಸ್ಥರಿಗೆ ಅದರಿಂದ ಕಿಂಚಿತ್ತಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. 2007ನೆಯ ಇಸವಿ ಮಾರ್ಚಿ 17ನೆಯ ತಾರೀಖು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಎಂಬ ಇಂಗ್ಲೆಂಡಿನ ವಾದ್ಯಮೇಳದವರ ಕಚೇರಿ ನಡೆಯಿತು. ಆಗ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಚಿರಂಜೀವಿಯು, ಸ್ನೇಹಿತನ ಮನೆಯಲ್ಲಿ ಓದಿಕೊಳ್ಳುವೆನೆಂದು ಹೇಳಿ ಅಲ್ಲಿಗೆ ಹೋಗಿದ್ದನು. ಸುಳ್ಳು ಬಯಲಾಯಿತು. ಸುಳ್ಳಿಗಾಗಿ ಗದರಿಸಿದ್ದರೆ ನ್ಯಾಯವಾಗುತ್ತಿತ್ತು. ನಾನು ಅಷ್ಟಕ್ಕೆ ನಿಲ್ಲದೆ, “ಅದು ಸಂಗೀತವಲ್ಲ, ಉನ್ಮಾದ. ಅದನ್ನು ಕೇಳುವವನಿಗೆ ಕಿವಿಯೂ ಇಲ್ಲ, ಬುದ್ಧಿಯೂ ಇಲ್ಲ” ಎಂದುಬಿಟ್ಟೆನು. ಅಂದಿನಿಂದ ಅವನು ನನ್ನೆದುರಿಗೆ ಸಂಗೀತದ ಮಾತನ್ನೇ ಎತ್ತಲಿಲ್ಲ. ಹುಡುಗನು ತಿದ್ದಿಕೊಂಡನೆಂದು ನಾನು ಸಂತೋಷಪಟ್ಟೆನು. ಅವನು ನನ್ನ ಪಾಲಿಗೆ ಒಂದು ಬಾಗಿಲನ್ನು ಮುಚ್ಚಿಕೊಂಡಿದ್ದನೆಂಬುದು ಆಗ ತಿಳಿಯಲಿಲ್ಲ.

2019ರಲ್ಲಿ, ಕೆಲಸದಿಂದ ನಿವೃತ್ತನಾದ ಹೊಸದರಲ್ಲಿ, ಅಮೆರಿಕೆಯಲ್ಲಿರುವ ಅವನ ಮನೆಗೆ ಹೋಗಿದ್ದೆನು. ಒಂದು ಸಂಜೆ ಊಟದ ಹೊತ್ತಿನಲ್ಲಿ ಅವನು ತಲೆಯೆತ್ತದೆ, “ಅಪ್ಪಾ, ಶುಕ್ರವಾರ ನಾನು ಒಂದು ಕಚೇರಿಗೆ ಹೋಗಬೇಕು. ನೀವು ಊಟ ಮಾಡಿ ಮಲಗಿಬಿಡಿ” ಎಂದನು. ಮೂವತ್ತು ದಾಟಿದ ಮಗನು ಇನ್ನೂ ಅಂಜುತ್ತಿದ್ದುದನ್ನು ಕಂಡು ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. “ನಾನೂ ಬರುತ್ತೇನೆ” ಎಂದೆನು. ಅವನು ಅನ್ನದ ಕೈಯನ್ನು ಹಾಗೆಯೇ ಹಿಡಿದು ನನ್ನನ್ನು ನೋಡಿದನು.

ಬರಲಿದ್ದವರು ಸೇಂಟ್ ವೈಟಸ್ ಎಂಬ ತಂಡದವರು. ಇವರ ಸಂಗೀತಕ್ಕೆ ಡೂಮ್ ಮೆಟಲ್ ಎಂದು ಹೆಸರು. ಮೆಟಲ್ ಎಂದರೆ ಲೋಹ. ಡೂಮ್ ಎಂದರೆ ತಪ್ಪಿಸಿಕೊಳ್ಳಲಾಗದ ದುರ್ವಿಧಿ. ಹೆಸರು ಮಂಗಳಕರವಾಗಿಲ್ಲ, ನಿಜ. ಆದರೆ ಇದರ ಮೂಲವನ್ನು ಮಗನು ದಾರಿಯಲ್ಲಿ ಹೇಳಿದಾಗ ನನಗೆ ಆಶ್ಚರ್ಯವಾಯಿತು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಟೋನಿ ಅಯೋಮಿ ಎಂಬ ಎಡಗೈ ಗಿಟಾರುವಾದಕನು ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದನು. ಅಲ್ಲಿ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ನಡುಬೆರಳು, ಉಂಗುರಬೆರಳುಗಳ ತುದಿಗಳು ಹೋದವು. ತಂತಿಯನ್ನು ಒತ್ತಬೇಕಾದುದೇ ಆ ಕೈ. ಅವನು ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡನು. ನೋವಾಗದಂತೆ ತೆಳುವಾದ ತಂತಿಗಳನ್ನು ಕಟ್ಟಿದನು. ಮುಂದೆ ಅವುಗಳನ್ನು ಸಡಿಲಗೊಳಿಸಿ ಶ್ರುತಿಯನ್ನು ಇಳಿಸಿದನು. ಹೀಗೆ ಒಬ್ಬ ಕೂಲಿಯ ಅಂಗಹೀನತೆಯಿಂದ ಹೊಸದೊಂದು ಗಂಭೀರನಾದವು ಹುಟ್ಟಿತು. ಅವನ ತಂಡವಾದ ಬ್ಲ್ಯಾಕ್ ಸ್ಯಾಬತ್ ತನ್ನ ಮೊದಲ ಧ್ವನಿಮುದ್ರಿಕೆಯನ್ನು 1970ರಲ್ಲಿ ಹೊರತಂದಿತು. ಅದರ ಮೊದಲ ಹಾಡಿನ ಜೀವಸ್ವರವು, ನಮ್ಮ ಪರಿಭಾಷೆಯಲ್ಲಿ, ಷಡ್ಜದ ಮೇಲಣ ಪ್ರತಿಮಧ್ಯಮ. ಈ ಅಂತರಕ್ಕೆ ಯೂರೋಪಿನ ಶಾಸ್ತ್ರಜ್ಞರು “ಸಂಗೀತದೊಳಗಿನ ಪಿಶಾಚ” ಎಂದು ಹೆಸರಿಟ್ಟಿದ್ದರಂತೆ. ನಮ್ಮ ಎಪ್ಪತ್ತೆರಡು ಮೇಳಗಳಲ್ಲಿ ಮೂವತ್ತಾರರಲ್ಲಿ ಇರುವುದೂ, ಕಲ್ಯಾಣಿಯಲ್ಲಿ ಮಂಗಳಕರವಾಗಿ ಬೆಳಗುವುದೂ ಇದೇ ಸ್ವರವಲ್ಲವೇ!

ಆ ತಂಡದ 1972ರ ಹಾಡೊಂದರಿಂದ ಹೆಸರನ್ನು ಪಡೆದವರು ಈ ಸೇಂಟ್ ವೈಟಸ್ ತಂಡದವರು. ವೈಟಸನು ಕ್ರೈಸ್ತರ ಒಬ್ಬ ಸಂತ. ಕೈಕಾಲುಗಳು ಅದುರುವ ಒಂದು ವ್ಯಾಧಿಗೂ ಅವನ ಹೆಸರುಂಟು. 1980ರ ಸುಮಾರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಡೇವ್ ಚಾಂಡ್ಲರ್, ಮಾರ್ಕ್ ಆಡಮ್ಸ್, ಅರ್ಮಾಂಡೋ ಅಕೋಸ್ಟಾ, ಸ್ಕಾಟ್ ರೀಗರ್ಸ್ ಎಂಬ ನಾಲ್ವರು ಕೂಡಿದರು. ಅದು ವೇಗದ ಕಾಲ. ಯಾರು ಹೆಚ್ಚು ದ್ರುತದಲ್ಲಿ ನುಡಿಸುವರೋ ಅವರಿಗೇ ಮನ್ನಣೆ. ಇವರು ಮಾತ್ರ ವಿಲಂಬವನ್ನು ಹಿಡಿದರು. ಪಂಕ್ ಎಂಬ ಶೀಘ್ರಸಂಗೀತದ ಸಭೆಗಳಲ್ಲಿ ಇವರನ್ನು ಮೂದಲಿಸಿದರು. ಇವರು ಲಯವನ್ನು ಏರಿಸಲಿಲ್ಲ. 1984ರಲ್ಲಿ ಮೊದಲ ಧ್ವನಿಮುದ್ರಿಕೆ ಬಂದಿತು. 1986ರಲ್ಲಿ “ಬಾರ್ನ್ ಟೂ ಲೇಟ್”, ಎಂದರೆ “ತಡವಾಗಿ ಹುಟ್ಟಿದವನು” ಎಂಬುದು ಬಂದಿತು. ಕೀರ್ತಿ ಬಂದಿತೇ ಹೊರತು ಐಶ್ವರ್ಯವು ಬರಲಿಲ್ಲ.

ಸಭಾಗೃಹವೆಂದು ನಾನು ಊಹಿಸಿದ್ದ ಸ್ಥಳವು ನಮ್ಮ ಶಾಲೆಯ ಪ್ರಾರ್ಥನಾಮಂದಿರದಷ್ಟೂ ಇರಲಿಲ್ಲ. ಒಂದು ಕಡೆ ಪಾನೀಯಗಳ ಕಟ್ಟೆ, ಇನ್ನೊಂದು ಕಡೆ ಮೊಳಕಾಲೆತ್ತರದ ವೇದಿಕೆ. ಕುರ್ಚಿಗಳಿಲ್ಲ. ಸೇರಿದವರು ಇನ್ನೂರು ಮಂದಿ ಇದ್ದಾರು. ಎಲ್ಲರೂ ಕಪ್ಪು ಅಂಗಿಯವರು, ಅರ್ಧಪಾಲು ನರೆಗಡ್ಡದವರು. ನೋಡಿದರೆ ಭಯ ಹುಟ್ಟಿಸುವಂತಿದ್ದ, ತೋಳ ತುಂಬ ಹಚ್ಚೆಯಿದ್ದ ಒಬ್ಬ ದೃಢಕಾಯನು ನನ್ನ ವಯಸ್ಸನ್ನು ಕಂಡು ಎಲ್ಲಿಂದಲೋ ಒಂದು ಮಣೆಗಾಲನ್ನು ತಂದಿಟ್ಟು ಕುಳಿತುಕೊಳ್ಳಿರೆಂದು ಕೈಸನ್ನೆ ಮಾಡಿದನು. ಮಗನು ನನ್ನ ಕಿವಿಗಳಿಗೆ ಬೆಣೆಗಳನ್ನು ತಾನೇ ಇಟ್ಟನು. ಅವನು ಕೂಸಾಗಿದ್ದಾಗ ಎಣ್ಣೆನೀರಿನ ದಿನ ನಾನು ಅವನ ಕಿವಿಗೆ ಹತ್ತಿ ಇಡುತ್ತಿದ್ದುದು ನೆನಪಾಯಿತು.

ನಂತರ ಚಾಂಡ್ಲರನು ತಂತಿಯನ್ನು ಮೀಟಿದನು. ನಾದವು ಕಿವಿಗೆ ಬರುವುದಕ್ಕೆ ಮುಂಚೆ ನೆಲದಿಂದ ಅಂಗಾಲಿಗೆ ಬಂದಿತು; ಅಲ್ಲಿಂದ ಎದೆಗೂಡಿಗೆ ಏರಿತು. ಮಂದ್ರವು ಹೃದಯದಲ್ಲಿಯೂ, ಮಧ್ಯವು ಕಂಠದಲ್ಲಿಯೂ, ತಾರವು ಶಿರಸ್ಸಿನಲ್ಲಿಯೂ ನೆಲಸುವುದೆಂಬ ಶಾಸ್ತ್ರವಚನವನ್ನು ನಾನು ಎಷ್ಟೋ ಬಾರಿ ಮಕ್ಕಳಿಗೆ ಒಪ್ಪಿಸಿದ್ದೆನು. ಅದನ್ನು ಶರೀರದಲ್ಲಿ ಅನುಭವಿಸಿದ್ದು ಅಂದೇ ಮೊದಲು. ಆ ಗಿಟಾರಿನ ಒರಟು ಧ್ವನಿಯೂ ನನಗೆ ಕ್ರಮವಾಗಿ ತಿಳಿಯಾಯಿತು. ತಂಬೂರಿಯ ತಂತಿಯಡಿಯಲ್ಲಿ ಜೀವದ ಎಳೆಯನ್ನಿಟ್ಟು ಅನುರಣನವನ್ನು ಹೆಚ್ಚಿಸುವುದಿಲ್ಲವೇ? ಇವರು ವಿದ್ಯುತ್ತಿನಿಂದ ಧ್ವನಿಯನ್ನು ಒಡೆದು ಅದರ ಉಪಸ್ವರಗಳನ್ನು ಹೊರಗೆಳೆಯುತ್ತಾರೆ. ಧ್ವನಿವರ್ಧಕದ ಮುಂದೆ ವಾದ್ಯವನ್ನು ಹಿಡಿದರೆ, ಹೊರಟ ನಾದವೇ ಹಿಂದಿರುಗಿ ತಂತಿಯನ್ನು ಅಲುಗಿಸುತ್ತದೆ; ಒಮ್ಮೆ ಮೀಟಿದ ಸ್ವರವು ಬಹಳ ಹೊತ್ತು ಸಾಯುವುದಿಲ್ಲ.

ಎಲ್ಲವೂ ನನಗೆ ಹಿಡಿಸಿತೆಂದು ಹೇಳಲಾರೆ. ಸಾಹಿತ್ಯದ ಮುಕ್ಕಾಲು ಭಾಗ ಅರ್ಥವಾಗಲಿಲ್ಲ. ಮದ್ಯದ ವಾಸನೆಗೆ ತಲೆ ನೊಂದಿತು. ಆದರೆ ಭಯಾನಕವನ್ನೂ ಬೀಭತ್ಸವನ್ನೂ ಭರತಮುನಿಯೇ ರಸಗಳಲ್ಲಿ ಎಣಿಸಿರುವಾಗ, ಅದಕ್ಕೆ ಮನೆಯ ಬಾಗಿಲು ಹಾಕಲು ನಾನು ಯಾರು?

ಕಡೆಯಲ್ಲಿ “ಬಾರ್ನ್ ಟೂ ಲೇಟ್” ಬಂದಿತು. ಕಾಲಕ್ಕೆ ಹೊಂದದವನೆಂದು ಲೋಕವು ಪರಿಹಾಸ್ಯ ಮಾಡುವ ಒಬ್ಬನ ಅಳಲು ಅದು. ಇನ್ನೂರು ಜನವೂ ಒಕ್ಕೊರಲಿನಿಂದ ಹಾಡಿದರು. ನನ್ನ ಮಗನೂ ಕಣ್ಣು ಮುಚ್ಚಿ ಹಾಡಿದನು. ಅವನಿಗೆ ಕೊರಳಿದೆಯೆಂಬುದೇ ನನಗೆ ತಿಳಿದಿರಲಿಲ್ಲ. ಆಗ ನನಗೆ ಭವಭೂತಿಯು ನೆನಪಾದನು. ಸಮಕಾಲೀನರು ಅಲಕ್ಷಿಸಿದಾಗ ಆ ಮಹಾಕವಿಯು ಮಾಲತೀಮಾಧವದ ಪ್ರಸ್ತಾವನೆಯಲ್ಲಿ, ತನ್ನ ಸಮಾನಧರ್ಮನು ಎಂದಾದರೂ ಎಲ್ಲಾದರೂ ಹುಟ್ಟಿಯಾನೆಂದು ಧೈರ್ಯ ತಂದುಕೊಂಡನು. ತಾನು ಬೇಗ ಹುಟ್ಟಿದೆನೆಂಬುದು ಅವನ ದುಃಖ, ತಡವಾಗಿ ಹುಟ್ಟಿದೆವೆಂಬುದು ಇವರದು. ಕೊನೆಕೊನೆಗೆ ನನ್ನ ತರಗತಿಯಲ್ಲಿ ಏಳು ಮಂದಿ ಮಾತ್ರ ಸಂಸ್ಕೃತಕ್ಕೆ ಉಳಿದಿದ್ದರು. ಆ ಏಳು ಮಂದಿಗೂ ನಾನು ಪಾಠದ ಲಯವನ್ನು ಏರಿಸಿರಲಿಲ್ಲ. ವೇದಿಕೆಯ ಮೇಲಿದ್ದವರು ಯಾರೆಂಬುದು ನನಗೆ ಆ ಕ್ಷಣದಲ್ಲಿ ಗೊತ್ತಾಯಿತು.

ಹಿಂದಿರುಗುವಾಗ ಕಾರಿನಲ್ಲಿ, “ಅರಮನೆ ಮೈದಾನದ ದಿನ ನಾನು ಆಡಿದ ಮಾತು ತಪ್ಪಪ್ಪಾ” ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, “ನಾನೂ ಸುಳ್ಳು ಹೇಳಿದ್ದೆನಲ್ಲ” ಎಂದನು. ಆಮೇಲೆ ಮನೆ ಸೇರುವವರೆಗೂ ಮಾತೇ ಮಾತು. ಅಕೋಸ್ಟಾ 2010ರಲ್ಲಿ ತೀರಿಕೊಂಡದ್ದು, ಮಂದ್ರದ ತಂತಿ ನುಡಿಸುತ್ತಿದ್ದ ಆಡಮ್ಸನಿಗೆ ಕಂಪವಾತ ಹಿಡಿದು ಅವನು ತಂಡವನ್ನು ಬಿಡಬೇಕಾದದ್ದು, ರೀಗರ್ಸನು ಹೋಗಿ ಮತ್ತೆ ಬಂದದ್ದು, ಎಲ್ಲವನ್ನೂ ನಮ್ಮ ಬಂಧುಗಳ ಸುದ್ದಿಯಂತೆ ಹೇಳಿದನು. ಹನ್ನೆರಡು ವರ್ಷಗಳ ಬಾಕಿ ಅದು.

2023ರಲ್ಲಿ ಒಂದು ಬೆಳಿಗ್ಗೆ, ನಾನು ಸ್ನಾನ ಮುಗಿಸಿ ಬರುವ ಹೊತ್ತಿಗೆ ದೂರವಾಣಿ ಬಂದಿತು. “ಅಪ್ಪಾ, ಮಾರ್ಕ್ ಆಡಮ್ಸ್ ಹೋಗಿಬಿಟ್ಟರು” ಎಂದನು. ಧ್ವನಿ ಒಡೆದಿತ್ತು. ತನ್ನ ದುಃಖವನ್ನು ಅವನು ಮೊದಲು ನನಗೆ ಹೇಳಿದನು. ನಾನು ಒದ್ದೆ ಪಂಚೆಯಲ್ಲಿಯೇ ಕುಳಿತು, ಅವನು ಹೇಳಿ ಮುಗಿಸುವವರೆಗೂ ಕೇಳಿದೆನು.